ಕನ್ನಡ ಬೈಬಲ್ಲಿನಲ್ಲಿ ದೇವನಾಮ

ಕನ್ನಡದಲ್ಲಿ ಇಂದು ಪ್ರಚಾರದಲ್ಲಿರುವ ಬೈಬಲ್ ಭಾಷಾಂತರಗಳಲ್ಲಿ ಎರಡು ಮೂರನ್ನು ತರಿಸಿಕೊಂಡು, ಹಳೆಯ ಒಡಂಬಡಿಕೆಯ ಒಂದೇ ಅಧ್ಯಾಯವನ್ನು ಅವುಗಳಲ್ಲಿ ತೆರೆದು ಓದಿದವರಿಗೆ, ಕಥೆಯೂ ವ್ಯಕ್ತಿಗಳೂ ವಿಧಿನಿಷೇಧಗಳೂ ಎಲ್ಲದರಲ್ಲಿಯೂ ಒಂದೇ ಆಗಿದ್ದು ದೇವರ ಹೆಸರು ಮಾತ್ರ ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುವುದನ್ನು ಕಂಡು ಆಶ್ಚರ್ಯವಾಗದೆ ಇರದು. ಪ್ರಾಟೆಸ್ಟಂಟ್ ಸಭೆಗಳಲ್ಲಿ ತಲೆಮಾರುಗಳಿಂದ ಓದುತ್ತ ಬಂದಿರುವ 'ಸತ್ಯವೇದವು' ಆತನನ್ನು ಯೆಹೋವನೆಂದು ಕರೆಯುತ್ತದೆ. ಕ್ಯಾಥೊಲಿಕರೂ ಪ್ರಾಟೆಸ್ಟಂಟರೂ ಸಮಾನವಾಗಿ ಬಳಸಬಹುದೆಂಬ ಉದ್ದೇಶದಿಂದ ಸಿದ್ಧವಾದ ಸರಳಗನ್ನಡದ ಆವೃತ್ತಿಯು ಸರ್ವೇಶ್ವರನೆನ್ನುತ್ತದೆ. ಇಂಗ್ಲಿಷಿನ ಕಿಂಗ್ ಜೇಮ್ಸ್ ಪಾಠದ ಜಾಡನ್ನು ಹಿಡಿದ ಇನ್ನೊಂದು ಭಾಷಾಂತರವು ಕರ್ತನೆನ್ನುತ್ತದೆ. ಮೂರೂ ಒಂದೇ ಮೂಲಪದಕ್ಕೆ ಸಂದ ಕನ್ನಡವಾಗಿರುವಾಗ ಇವುಗಳಲ್ಲಿ ಯಾವುದು ಯಥಾರ್ಥವಾದದ್ದು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಕ್ರೈಸ್ತರೊಳಗಿನ ಮತಭೇದದ ಮಾತು ಇದೆಂದು ಹೊರಗಿನವರು ಸುಮ್ಮನಿರುವ ವಾಡಿಕೆಯುಂಟು. ಆದರೆ ಇನ್ನೂರು ವರ್ಷಗಳ ಕನ್ನಡ ಗದ್ಯದ ಒಂದು ದೊಡ್ಡ ಪ್ರಯೋಗ ಈ ಪುಸ್ತಕದಲ್ಲಿ ನಡೆದಿರುವುದರಿಂದ, ಇದರಲ್ಲಿ ಕನ್ನಡಿಗರೆಲ್ಲರಿಗೂ ಪಾಲಿದೆಯೆಂದು ನಾನು ನಂಬಿದ್ದೇನೆ.

ಮೂಲದ ಸಂಗತಿಯನ್ನು ಮೊದಲು ತಿಳಿಯಬೇಕು. ಹೀಬ್ರೂ ಭಾಷೆಯ ಹಳೆಯ ಒಡಂಬಡಿಕೆಯಲ್ಲಿ ದೇವರನ್ನು ಸೂಚಿಸುವ ಪದಗಳು ಹಲವಿವೆ. ಅವುಗಳಲ್ಲಿ ಏಲೋಹೀಮ್ ಎಂಬುದು ದೇವರು ಎಂಬ ಸಾಮಾನ್ಯಾರ್ಥದ ನಾಮಪದ. ಅದೋನಾಯ್ ಎಂಬುದು ಒಡೆಯ ಎಂಬರ್ಥದ ಗೌರವವಾಚಕ. ಇವೆರಡಕ್ಕಿಂತಲೂ ಹೆಚ್ಚಾಗಿ, 6,800ಕ್ಕೂ ಮೀರಿದ ಸಲ, ಯೋದ್, ಹೇ, ವಾವ್, ಹೇ ಎಂಬ ನಾಲ್ಕು ವ್ಯಂಜನಗಳಿಂದ ಬರೆದ ಒಂದು ಅಂಕಿತನಾಮವು ಬರುತ್ತದೆ. ಅಬ್ರಹಾಮ, ಮೋಶೆ, ದಾವೀದ ಎಂಬುವು ಹೇಗೆ ಹೆಸರುಗಳೋ ಹಾಗೆಯೇ ಇದೂ ಹೆಸರು. ಇಸ್ರಾಯೇಲರ ದೇವರನ್ನು ನೆರೆಯ ಜನಾಂಗಗಳ ದೇವತೆಗಳಿಂದ ಬೇರ್ಪಡಿಸಿ ಹೇಳುವ ಹೆಸರು. ಕ್ರಿಸ್ತಪೂರ್ವ ಒಂಬತ್ತನೆಯ ಶತಮಾನದಲ್ಲಿ ಮೋವಾಬ್ಯರ ಅರಸನಾದ ಮೇಷನು ಕಡೆಯಿಸಿದ ಶಿಲಾಶಾಸನದಲ್ಲಿಯೂ ಈ ನಾಲ್ಕು ಅಕ್ಷರಗಳು ಕಾಣುತ್ತವೆ. ತಾನು ಗೆದ್ದ ಶತ್ರುಗಳ ದೇವರು ಇವನೆಂದು ಗುರುತಿಸಲು ಆ ಅರಸನಿಗೆ ಈ ಹೆಸರೇ ಬೇಕಾಯಿತು. ಶತ್ರುವಿನ ಶಾಸನವೇ ಸಾಕ್ಷಿಯಾಗಿರುವ ಈ ಹೆಸರು ಒಂದು ಕಾಲದಲ್ಲಿ ಜನರ ಬಾಯಲ್ಲಿ ನಿತ್ಯವೂ ಆಡುತ್ತಿದ್ದದ್ದೆಂಬುದರಲ್ಲಿ ಸಂದೇಹವಿಲ್ಲ.

ಆ ಕಾಲ ಮುಗಿದ ಮೇಲೆ ಬಂದದ್ದು ಮೌನದ ಕಾಲ. ದೇವರ ಹೆಸರನ್ನು ಅಯೋಗ್ಯವಾಗಿ ಎತ್ತಬಾರದೆಂಬ ದಶಾಜ್ಞೆಯ ಮಾತನ್ನು ಯೆಹೂದ್ಯರು ವರ್ಷ ಕಳೆದಂತೆ ಬಿಗಿಯಾಗಿ ಪಾಲಿಸುತ್ತ ಬಂದು, ಕೊನೆಗೆ ಯೆರೂಸಲೇಮಿನ ದೇವಾಲಯದ ಕೆಲವು ವಿಧಿಗಳಲ್ಲಿ ಯಾಜಕರು, ಅದರಲ್ಲಿಯೂ ವಿಶೇಷವಾಗಿ ಪ್ರಾಯಶ್ಚಿತ್ತದ ದಿನ ಮಹಾಯಾಜಕನು, ಉಚ್ಚರಿಸುವಷ್ಟಕ್ಕೆ ಅದನ್ನು ಸೀಮಿತಗೊಳಿಸಿದರು. ಕ್ರಿ.ಶ. 70ರಲ್ಲಿ ರೋಮನರು ಆ ದೇವಾಲಯವನ್ನು ಕೆಡವಿದ ಮೇಲೆ ಆ ಉಚ್ಚಾರಣೆಗೂ ಸ್ಥಳವಿಲ್ಲದಂತಾಯಿತು. ಬರಹದಲ್ಲಿ ನಾಲ್ಕು ಅಕ್ಷರಗಳು ಹಾಗೆಯೇ ಉಳಿದವು. ಓದುವಾಗ ಮಾತ್ರ 'ಅದೋನಾಯ್' ಎಂದು ಓದುವುದು ನಿಯಮವಾಯಿತು. ನಮ್ಮ ಹಿಂದಿನ ತಲೆಮಾರಿನ ಗೃಹಿಣಿಯರು ಗಂಡನ ಹೆಸರನ್ನು ಕಾಗದದ ಮೇಲೆ ಕಂಡರೂ ಬಾಯಿಬಿಟ್ಟು ಓದದೆ 'ನಮ್ಮ ಯಜಮಾನರು' ಎಂದು ಹೇಳಿ ಮುಂದೆ ಹೋಗುತ್ತಿದ್ದುದನ್ನು ಕಂಡಿರುವವರಿಗೆ ಈ ನಿಯಮದ ಒಳಗಿನ ಭಾವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಾಚೀನ ಹೀಬ್ರೂ ಬರವಣಿಗೆಯಲ್ಲಿ ಸ್ವರಗಳಿಗೆ ಚಿಹ್ನೆಗಳಿರಲಿಲ್ಲ. ಮಾಸೊರೆಟರೆಂದು ಹೆಸರಾದ ವಿದ್ವಾಂಸರು ಮಧ್ಯಯುಗದ ಆರಂಭದಲ್ಲಿ ಪವಿತ್ರಗ್ರಂಥಕ್ಕೆ ಸ್ವರಚಿಹ್ನೆಗಳನ್ನು ಹಚ್ಚುತ್ತ ಬಂದಾಗ, ಈ ನಾಲ್ಕು ಅಕ್ಷರಗಳ ಮೇಲೆ ಓದಬೇಕಾದ ಪದವಾದ 'ಅದೋನಾಯ್' ಎಂಬುದರ ಸ್ವರಗಳನ್ನು ಸೂಚನೆಗಾಗಿ ಇಟ್ಟರು. ಆ ಸೂಚನೆಯ ಮರ್ಮವನ್ನರಿಯದ ಯೂರೋಪಿನ ಕ್ರೈಸ್ತ ಪಂಡಿತರು ಒಂದು ಪದದ ವ್ಯಂಜನಗಳನ್ನೂ ಇನ್ನೊಂದು ಪದದ ಸ್ವರಗಳನ್ನೂ ಕೂಡಿಸಿ ಓದಿದ್ದರಿಂದ 'ಯೆಹೋವಾ' ಎಂಬ ರೂಪ ಹುಟ್ಟಿತು. ಹದಿಮೂರನೆಯ ಶತಮಾನದಲ್ಲಿಯೇ ಇದರ ಕುರುಹು ಕಾಣುತ್ತದೆ. ಹದಿನಾರನೆಯ ಶತಮಾನದಲ್ಲಿ ಅದು ಪ್ರಸಿದ್ಧಿಗೆ ಬಂದಿತು. ಮೂಲ ಉಚ್ಚಾರಣೆ 'ಯಾಹ್ವೆ' ಎಂಬುದಕ್ಕೆ ಹತ್ತಿರವಾಗಿದ್ದಿತೆಂದು ಈಗಿನ ಬಹುಮಂದಿ ವಿದ್ವಾಂಸರ ಮತ. ಸಮಾರ್ಯರು 'ಯಾಬೆ' ಎನ್ನುತ್ತಿದ್ದರೆಂದು ಐದನೆಯ ಶತಮಾನದ ಥಿಯೊಡೊರೆಟನು ಗ್ರೀಕಿನಲ್ಲಿ ಬರೆದಿಟ್ಟ ಮಾತು ಇದಕ್ಕೆ ಆಧಾರಗಳಲ್ಲೊಂದು. ಹೆಸರಿನ ಮೊಟಕಾದ ರೂಪವಾದ 'ಯಾಹ್' ಮಾತ್ರ ನಿಶ್ಚಿತವಾಗಿ ಉಳಿದುಬಂದಿದೆ. ಯೆಶಾಯ, ಯೆರೆಮೀಯ ಮೊದಲಾದ ಪ್ರವಾದಿಗಳ ಹೆಸರಿನ ತುದಿಯಲ್ಲಿಯೂ, ಲೋಕದ ಎಲ್ಲ ಭಾಷೆಗಳ ಕ್ರೈಸ್ತರೂ ಅನುವಾದಿಸದೆ ಹಾಡುವ 'ಹಲ್ಲೆಲೂಯಾ' ಎಂಬ ಪದದ ಕೊನೆಯಲ್ಲಿಯೂ ಅದು ನೆಲೆಸಿದೆ.

ಭಾಷಾಂತರಕಾರರ ಮುಂದೆ ಈ ಪ್ರಶ್ನೆ ಮೊದಲು ಬಂದದ್ದು ಗ್ರೀಕ್ ಭಾಷೆಯಲ್ಲಿ. ಕ್ರಿಸ್ತಪೂರ್ವದಲ್ಲಿಯೇ ಹೀಬ್ರೂ ಗ್ರಂಥಗಳನ್ನು ಗ್ರೀಕಿಗೆ ತಿರುಗಿಸಿದ ಸೆಪ್ಟುವಜಿಂಟ್ ಎಂಬ ಭಾಷಾಂತರದ ದೊಡ್ಡ ಹಸ್ತಪ್ರತಿಗಳಲ್ಲಿ ಈ ಹೆಸರಿನ ಸ್ಥಾನದಲ್ಲಿ ಒಡೆಯ ಎಂಬರ್ಥದ 'ಕೂರಿಯೊಸ್' ಎಂಬ ಪದವಿದೆ. ಆದರೆ ಆ ಹಸ್ತಪ್ರತಿಗಳು ಕ್ರಿ.ಶ. ನಾಲ್ಕನೆಯ ಶತಮಾನ ಮತ್ತು ಅದರ ಈಚಿನವು. ಈಜಿಪ್ಟಿನಲ್ಲಿ ದೊರೆತ ಫುವಾದ್ 266 ಎಂಬ ಇನ್ನೂ ಹಳೆಯ ಪಪೈರಸ್ ಸುರುಳಿಯ ತುಣುಕುಗಳಲ್ಲಿ ಗ್ರೀಕ್ ವಾಕ್ಯದ ನಡುವೆ ಹೀಬ್ರೂ ಲಿಪಿಯಲ್ಲೇ ಆ ನಾಲ್ಕು ಅಕ್ಷರಗಳಿವೆ. ಮೃತಸಮುದ್ರದ ಬಳಿಯ ನಹಲ್ ಹೆವೆರ್ ಕಣಿವೆಯ ಗ್ರೀಕ್ ಸುರುಳಿಯಲ್ಲಿ ಅವೇ ಅಕ್ಷರಗಳು ಅದಕ್ಕಿಂತ ಪ್ರಾಚೀನವಾದ ಲಿಪಿಯಲ್ಲಿವೆ. ಅನುವಾದವೆಲ್ಲ ಒಂದು ಭಾಷೆ, ಹೆಸರೊಂದು ಮಾತ್ರ ಇನ್ನೊಂದು ಲಿಪಿ: ಎರಡು ಸಾವಿರ ವರ್ಷಗಳ ಹಿಂದಿನ ಲಿಪಿಕಾರನು ಇದನ್ನು ಅನುವಾದಕ್ಕೆ ಒಳಪಡದ ವಸ್ತುವೆಂದು ಎಣಿಸಿದ್ದನೆಂಬುದು ಆ ತುಣುಕುಗಳಿಂದ ಕಣ್ಣಿಗೆ ಕಟ್ಟುವಂತೆ ತಿಳಿಯುತ್ತದೆ.

ಇಂಗ್ಲಿಷಿನ ದಾರಿಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 1530ರಲ್ಲಿ ಟಿಂಡೆಲನು ವಿಮೋಚನಕಾಂಡದಲ್ಲಿ ಯೆಹೋವ ಎಂಬ ರೂಪವನ್ನು ಅಚ್ಚಿಗೆ ತಂದನು. 1611ರ ಕಿಂಗ್ ಜೇಮ್ಸ್ ಭಾಷಾಂತರವು ನಾಲ್ಕು ವಚನಗಳಲ್ಲಿ ಮಾತ್ರ ಆ ಹೆಸರನ್ನು ಬಿಡಿಯಾಗಿ ಉಳಿಸಿಕೊಂಡು, ಮಿಕ್ಕೆಡೆಗಳಲ್ಲಿ 'ಲಾರ್ಡ್' ಎಂಬ ಪದವನ್ನು ದೊಡ್ಡಕ್ಷರಗಳಲ್ಲಿ ಅಚ್ಚುಮಾಡಿತು. 1901ರ ಅಮೆರಿಕನ್ ಪರಿಷ್ಕರಣವು ಎಲ್ಲೆಡೆಯೂ ಯೆಹೋವ ಎಂದಿಟ್ಟಿತು. 1952ರಲ್ಲಿ ಬಂದ ಅದರ ಮರುಪರಿಷ್ಕರಣವು ಮತ್ತೆ ದೊಡ್ಡಕ್ಷರದ 'ಲಾರ್ಡ್' ಪದಕ್ಕೆ ಹಿಂದಿರುಗಿತು. 1966ರ ಜೆರೂಸಲೇಮ್ ಬೈಬಲ್ಲು ಯಾಹ್ವೆ ಎಂಬುದನ್ನು ಎತ್ತಿಕೊಂಡಿತು. ಇದರಲ್ಲಿ ನಾವು ಗಮನಿಸತಕ್ಕದ್ದು ಆ ದೊಡ್ಡಕ್ಷರದ ಉಪಾಯವನ್ನು. ಒಡೆಯನೆಂಬರ್ಥದ ಪದವೊಂದೇ ಹೆಸರಿಗೂ ಗೌರವವಾಚಕಕ್ಕೂ ನಿಂತಿರುವಾಗ, ಎಲ್ಲಿ ಹೆಸರು ಎಲ್ಲಿ ಗೌರವವಾಚಕ ಎಂಬುದನ್ನು ಇಂಗ್ಲಿಷ್ ಓದುಗನು ಅಚ್ಚಿನ ಆಕಾರವನ್ನು ನೋಡಿ ತಿಳಿಯಬೇಕು. ಕೇಳುಗನಿಗೆ ಆ ಸಹಾಯವೂ ಇಲ್ಲ.

ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವೇ ಇಲ್ಲ. ಆದಕಾರಣ ಇಂಗ್ಲಿಷಿನವರು ಅಚ್ಚಿನ ಮೊಳೆಯ ಗಾತ್ರದಲ್ಲಿ ಮುಚ್ಚಿಟ್ಟ ಸಮಸ್ಯೆಯು ಕನ್ನಡದಲ್ಲಿ ಬಯಲಿಗೆ ಬಂದು ನಿಂತಿತು. ನಮ್ಮ ಭಾಷಾಂತರಕಾರರು ಮೊದಲ ಪುಟದಿಂದಲೇ ಒಂದು ನಿರ್ಣಯವನ್ನು ಮಾಡಲೇಬೇಕಾಯಿತು.

ಆ ಭಾಷಾಂತರಕಾರರು ಯಾರೆಂಬುದನ್ನು ಕೊಂಚ ವಿವರವಾಗಿ ಹೇಳಬೇಕು. 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸನು ಕನ್ನಡವನ್ನು ಕಲಿತು, ಸುವಾರ್ತೆಗಳಿಂದ ಆರಂಭಿಸಿ, ಇಡೀ ಬೈಬಲ್ಲನ್ನು ಕನ್ನಡಿಸುವ ಕಾರ್ಯವನ್ನು ಕೈಗೊಂಡನು. ಅವನೊಡನೆ ಸೇರಿದ ವಿಲಿಯಂ ರೀವನು 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ ಪ್ರಕಟಿಸಿದನು. ಇತ್ತ ಇವರು ದುಡಿಯುತ್ತಿರುವಾಗಲೇ ಅತ್ತ ಬಂಗಾಳದ ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯ ಮಂಡಲಿಯೂ ಕನ್ನಡ ಭಾಷಾಂತರವನ್ನು ನಡೆಸುತ್ತಿತ್ತು. 1812ರ ಮಾರ್ಚ್ ತಿಂಗಳಲ್ಲಿ ಅಲ್ಲಿಯ ಮುದ್ರಣಾಲಯಕ್ಕೆ ಬೆಂಕಿ ಬಿದ್ದಾಗ ನಷ್ಟವಾದ ಹಸ್ತಪ್ರತಿಗಳಲ್ಲಿ ಕನ್ನಡದ್ದೂ ಇದ್ದಿತು. ಅದನ್ನು ಮತ್ತೆ ಮೊದಲಿನಿಂದ ಮಾಡಬೇಕಾಯಿತು. ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಹೊರಬಂದಿತು. ಬಳ್ಳಾರಿಯ ಸಂಪೂರ್ಣ ಬೈಬಲ್ಲು 1831ರ ಹೊತ್ತಿಗೆ ಸಿದ್ಧವಾಯಿತು. ಅದರ ಕನ್ನಡ ಒರಟಾಗಿದ್ದಿತೆಂಬ ಆಕ್ಷೇಪಣೆ ಬೇಗನೆ ಎದ್ದಿತು. ಎದ್ದದ್ದು ಆಶ್ಚರ್ಯವಲ್ಲ, ಏಕೆಂದರೆ ಆಗ ಕನ್ನಡದಲ್ಲಿ ಈ ಬಗೆಯ ದೀರ್ಘಗದ್ಯಕ್ಕೆ ಮೇಲ್ಪಂಕ್ತಿಯಾಗಬಲ್ಲ ಗ್ರಂಥಗಳು ಅಚ್ಚಿನಲ್ಲಿ ಇಲ್ಲವೇ ಇಲ್ಲವೆನ್ನಬಹುದಾಗಿತ್ತು.

ಪರಿಷ್ಕರಣದ ಕೆಲಸಕ್ಕೆ ಕೈಯಿಕ್ಕಿದವರು ಬೇರೊಂದು ಸಂಸ್ಕಾರದವರು. 1834ರಲ್ಲಿ ಮಂಗಳೂರಿನಲ್ಲಿ ಕೆಲಸವನ್ನಾರಂಭಿಸಿದ ಬಾಸೆಲ್ ಮಿಷನ್ನಿಗೆ ಆಮೇಲೆ ಬಂದು ಸೇರಿದ ಹೆರ್ಮನ್ ಮೋಗ್ಲಿಂಗ್ ಮತ್ತು ಗಾಟ್‌ಫ್ರೀಡ್ ವೈಗ್ಲೆ ಇವರು ಕನ್ನಡ ಕಾವ್ಯಗಳ ಓದಿನಲ್ಲಿ ಮುಳುಗಿದ್ದವರು. ಮೋಗ್ಲಿಂಗನು 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಆರಂಭಿಸಿದವನೆಂದು ಎಲ್ಲರೂ ಬಲ್ಲರು. ಅವನೇ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದನು, ಜೈಮಿನಿ ಭಾರತ ಬಸವಪುರಾಣಗಳನ್ನು 'ಬಿಬ್ಲಿಯೊಥೆಕಾ ಕರ್ನಾಟಕ' ಮಾಲೆಯಲ್ಲಿ ತಂದನು. ಬೆಂಗಳೂರಿನ ಕಡೆಯಿಂದ ಈ ಪರಿಷ್ಕರಣಕ್ಕೆ ದುಡಿದವರಲ್ಲಿ ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಮುಖ್ಯನು. 1837ರಿಂದ 1887ರಲ್ಲಿ ತೀರಿಕೊಳ್ಳುವವರೆಗೆ ಅವನ ಕಾರ್ಯಕ್ಷೇತ್ರ ಈ ಊರೇ ಆಗಿತ್ತು, ಶಾಸನಸಂಶೋಧಕರಾದ ಬಿ. ಎಲ್. ರೈಸರು ಇವನ ಮಗ. ಬೆಂಗಳೂರಿನದೇ ಬಡಾವಣೆಯಾದ ಗಿರಿನಗರದಿಂದ ಮಾರ್ಕೆಟ್ಟಿನ ಬಸ್ಸು ಹಿಡಿದು ಹೋಗಿ ಅವೆನ್ಯೂ ರಸ್ತೆಯ ಪುಸ್ತಕದಂಗಡಿಗಳ ಸಾಲಿನಲ್ಲಿ ನಡೆದರೆ, ಆ ಗದ್ದಲದ ನಡುವೆ ರೈಸ್ ಸ್ಮಾರಕ ದೇವಾಲಯ ಇಂದಿಗೂ ನಿಂತಿದೆ. ಹಳೆಯ ಪುಸ್ತಕಗಳನ್ನು ಅರಸಿ ಆ ಬೀದಿಗೆ ಹೋಗುವ ನಮ್ಮಂಥವರಲ್ಲಿ ಎಷ್ಟು ಮಂದಿ ಆ ಹೆಸರು ಕನ್ನಡ ಗದ್ಯಕ್ಕೆ ದುಡಿದ ಒಬ್ಬನ ಹೆಸರೆಂದು ಬಲ್ಲರೋ ಕಾಣೆ. ಇವರೆಲ್ಲರ ಪಕ್ಕದಲ್ಲಿ ಕುಳಿತು, ಈ ಪ್ರತ್ಯಯ ಸಲ್ಲದು, ಈ ಮಾತು ಗ್ರಾಮ್ಯ, ಇಲ್ಲಿ ಹೀಗನ್ನಬೇಕು ಎಂದು ತಿದ್ದಿದ ಮುನ್ಷಿಗಳ, ಪಂಡಿತರ ಹೆಸರುಗಳು ಮುಖಪುಟಗಳಲ್ಲಿ ಕಾಣುವುದಿಲ್ಲ. ಇದು ನನಗೆ ಬಹಳ ವ್ಯಸನದ ಸಂಗತಿ.

ಈ ಪರಂಪರೆಯಿಂದ ಇಳಿದುಬಂದ 'ಸತ್ಯವೇದವು' ಹೆಸರನ್ನು ಹೆಸರಾಗಿಯೇ ಇಟ್ಟಿತು. ಅದಕ್ಕೆ ಕನ್ನಡದ ವಿಭಕ್ತಿಗಳನ್ನು ಹಚ್ಚಿ ಯೆಹೋವನು, ಯೆಹೋವನನ್ನು, ಯೆಹೋವನಿಗೆ ಎಂದು ರಾಮನಂತೆ ಭೀಮನಂತೆ ನಡೆಸಿತು. ಇದರಿಂದಾದ ಪ್ರಯೋಜನವನ್ನು ಒಂದು ಸ್ಥಳದಲ್ಲಿ ತೋರಿಸುತ್ತೇನೆ. ಕೀರ್ತನೆಗಳ ಗ್ರಂಥದ 110ನೆಯ ಕೀರ್ತನೆಯ ಮೊದಲ ವಚನದಲ್ಲಿ ಇಬ್ಬರು ಬರುತ್ತಾರೆ: ನಾಲ್ಕಕ್ಷರದ ಹೆಸರುಳ್ಳ ದೇವರೊಬ್ಬನು, ಕವಿಯು 'ನನ್ನ ಒಡೆಯ' ಎಂದು ಕರೆಯುವ ಇನ್ನೊಬ್ಬನು, ಮೊದಲನೆಯವನು ಎರಡನೆಯವನಿಗೆ ಮಾತನಾಡುತ್ತಾನೆ. ಇಂಗ್ಲಿಷಿನಲ್ಲಿ ಇಬ್ಬರಿಗೂ 'ಲಾರ್ಡ್' ಎಂಬ ಒಂದೇ ಪದ ಬಂದು, ಕಿವಿಯಿಂದ ಕೇಳುವವನಿಗೆ ಯಾರು ಯಾರಿಗೆ ಹೇಳಿದರೆಂಬುದೇ ತಿಳಿಯದಂತಾಗುತ್ತದೆ. ಕನ್ನಡದಲ್ಲಿ ಮೊದಲನೆಯವನು ಯೆಹೋವ, ಎರಡನೆಯವನು ಒಡೆಯ. ಹೀಬ್ರೂ ಭಾಷೆಯು ಮಾಡಿದ ಭೇದವನ್ನು ಕನ್ನಡವು ಅಚ್ಚುಕಟ್ಟಾಗಿ ಉಳಿಸಿಕೊಂಡಿದೆ. ಹಾಗೆಯೇ ಪ್ರವಾದಿಗಳ ಗ್ರಂಥಗಳಲ್ಲಿ ಗೌರವವಾಚಕವೂ ಹೆಸರೂ ಜೊತೆಗೂಡಿ ಬರುವಲ್ಲಿ 'ಕರ್ತನಾದ ಯೆಹೋವನು' ಎಂದು ಸಲೀಸಾಗಿ ಹೇಳಿದೆ. ಸೈನ್ಯಗಳ ದೇವರೆಂಬ ಬಿರುದಿಗೆ 'ಸೇನಾಧೀಶ್ವರ' ಎಂಬ ಪದವನ್ನು ಆರಿಸಿಕೊಂಡವರ ಕಿವಿ ಸೂಕ್ಷ್ಮವಾದದ್ದು. ಆ ಪದ ಮುಂದಿನ ಭಾಷಾಂತರಗಳಲ್ಲಿಯೂ ಅಳಿಯದೆ ಬಂದಿದೆ.

'ದೇವರು' ಎಂಬ ಪದದ ವಿಷಯದಲ್ಲಿ ದೊರೆತ ಲಾಭ ಇನ್ನೂ ದೊಡ್ಡದು. ಅದು ಪ್ರಾಯಶಃ ಯಾರೂ ಯೋಜಿಸಿ ಮಾಡಿದ್ದಲ್ಲ. ಹೀಬ್ರೂವಿನ ಏಲೋಹೀಮ್ ರೂಪದಲ್ಲಿ ಬಹುವಚನ. ಆದರೆ ಇಸ್ರಾಯೇಲರ ದೇವರನ್ನು ಸೂಚಿಸುವಾಗ ಅದರೊಡನೆ ಬರುವ ಕ್ರಿಯಾಪದವು ಏಕವಚನ. ಆದಿಕಾಂಡದ ಮೊದಲನೆಯ ವಾಕ್ಯವೇ ಇದಕ್ಕೆ ಉದಾಹರಣೆ. ಇದನ್ನು ಇಂಗ್ಲಿಷಿನಲ್ಲಾಗಲಿ ಜರ್ಮನಿನಲ್ಲಾಗಲಿ ತೋರಿಸಲು ಸಾಧ್ಯವಿಲ್ಲ. ಕನ್ನಡದಲ್ಲಾದರೋ, ದೇವರು ಎಂಬುದು ರೂಪದಿಂದ ಗೌರವಬಹುವಚನ; ಆದರೂ ಕಷ್ಟಕಾಲದಲ್ಲಿ ಹಳ್ಳಿಯ ಅಜ್ಜಿಯಿಂದ ಹಿಡಿದು ಪಟ್ಟಣದ ಪಂಡಿತನವರೆಗೆ ಎಲ್ಲರ ಬಾಯಿಂದಲೂ ಬರುವ ಮಾತು 'ದೇವರಿದ್ದಾನೆ' ಎಂಬುದೇ. ಬಹುವಚನದ ನಾಮಪದ, ಏಕವಚನದ ಕ್ರಿಯಾಪದ! ಸತ್ಯವೇದದ ಆರಂಭವಾಕ್ಯದಲ್ಲಿ ದೇವರೆಂಬ ಕರ್ತೃಪದಕ್ಕೆ 'ಉಂಟುಮಾಡಿದನು' ಎಂಬ ಕ್ರಿಯಾಪದವನ್ನು ಕೂಡಿಸಿದ ಅಜ್ಞಾತ ಪಂಡಿತನು, ಹೀಬ್ರೂ ವ್ಯಾಕರಣವನ್ನು ಅರಿತಿದ್ದನೋ ಇಲ್ಲವೋ, ತನ್ನ ತಾಯ್ನುಡಿಯ ನಡೆಯನ್ನು ನಂಬಿ ಮೂಲಕ್ಕೆ ಅತ್ಯಂತ ಸಮೀಪವಾದ ವಾಕ್ಯವನ್ನು ರಚಿಸಿಕೊಟ್ಟನು.

ನೆರೆಯ ಭಾಷೆಗಳಲ್ಲಿ ಈ ಪ್ರಶ್ನೆ ಬೇರೆ ಬೇರೆ ರೀತಿಯಲ್ಲಿ ತೀರ್ಮಾನವಾಯಿತು. ತೆಲುಗು ಮಲೆಯಾಳಗಳು ಕನ್ನಡದಂತೆಯೇ ಹೆಸರನ್ನು ಉಳಿಸಿಕೊಂಡವು. ತಮಿಳಿನಲ್ಲಿ ದೇವರೆಂಬ ಸಾಮಾನ್ಯಪದಕ್ಕೇ ದೀರ್ಘಕಾಲದ ವಿವಾದ ನಡೆದು, ಹದಿನೇಳನೆಯ ಶತಮಾನದ ಆರಂಭದಲ್ಲಿ ಮಧುರೆಗೆ ಬಂದ ರೋಬರ್ತೊ ದೆ ನೊಬಿಲಿಯ ಕಾಲದಿಂದ ಕ್ಯಾಥೊಲಿಕರಲ್ಲಿ ಸರ್ವೇಶ್ವರನೂ, ತರಂಗಂಬಾಡಿಯ ಲೂಥರನ್ ಪರಂಪರೆಯ ಫಾಬ್ರಿಸಿಯಸನ ಭಾಷಾಂತರದಲ್ಲಿ ಪರಾಪರನೂ, ಹತ್ತೊಂಬತ್ತನೆಯ ಶತಮಾನದ ಐಕ್ಯ ಭಾಷಾಂತರದಲ್ಲಿ ದೇವನೂ, ಇಪ್ಪತ್ತನೆಯದರಲ್ಲಿ ಕಡವುಳನೂ ಒಬ್ಬರಾದ ಮೇಲೊಬ್ಬರು ಬಂದರು. ನಾಲ್ಕಕ್ಷರದ ಹೆಸರಿಗೆ ಅಲ್ಲಿ 'ಕರ್ತರ್' ಎಂಬುದು ನಿಂತಿತು. ಚೀನಾ ದೇಶದಲ್ಲಿ ಈ ಜಗಳ ಎಷ್ಟು ಮುಂದುವರಿಯಿತೆಂದರೆ, ಒಂದೇ ಭಾಷಾಂತರವನ್ನು ಶಾಂಗ್‌ದಿ ಎಂಬ ಪದವಿಟ್ಟು ಒಂದು ಆವೃತ್ತಿಯಾಗಿಯೂ ಶೆನ್ ಎಂಬ ಪದವಿಟ್ಟು ಇನ್ನೊಂದಾಗಿಯೂ ಇಂದಿಗೂ ಅಚ್ಚುಮಾಡುತ್ತಾರೆ. ಕನ್ನಡದಲ್ಲಿ ದೇವರು ಎಂಬ ಪದದ ಬಗ್ಗೆ ಅಂಥ ಕಲಹ ಏಳಲಿಲ್ಲವೆಂಬುದು ನಮ್ಮ ಭಾಗ್ಯ.

ಇನ್ನು ಸರ್ವೇಶ್ವರನ ಪಕ್ಷ. ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ, 1968ರಲ್ಲಿ, ಬೈಬಲ್ ಸೊಸೈಟಿಗಳೂ ರೋಮಿನ ಸಭಾಧಿಕಾರಿಗಳೂ ಕೂ​ಡಿ ಭಾಷಾಂತರ ಮಾಡುವ ಬಗ್ಗೆ ನಿಯಮಗಳನ್ನು ಒಪ್ಪಿಕೊಂಡರು. ಪದಕ್ಕೆ ಪದವಿಡುವುದಕ್ಕಿಂತ ಮೂಲದ ಓದುಗನಿಗಾದ ಅನುಭವವು ಇಂದಿನ ಓದುಗನಿಗೂ ಆಗುವಂತೆ ಹೇಳಬೇಕೆಂಬ ಯೂಜಿನ್ ನೈಡನ ಸಿದ್ಧಾಂತವು ಆ ಕಾಲಕ್ಕೆ ಪ್ರಬಲವಾಗಿದ್ದಿತು. ಕನ್ನಡದ ಸರಳಭಾಷೆಯ ಬೈಬಲ್ಲು ಈ ಎರಡು ಪ್ರವಾಹಗಳು ಕೂಡಿದಲ್ಲಿ ಹುಟ್ಟಿದ್ದು. ಅದರ ಗದ್ಯ ತಿಳಿಯಾಗಿದೆ. ಕೆಲವೆಡೆ ಸುಂದರವಾಗಿಯೂ ಇದೆ. ಯೆಹೋವ ಎಂಬುದು ಭಾಷಾಶಾಸ್ತ್ರದ ದೃಷ್ಟಿಯಿಂದ ತಪ್ಪು ರೂಪವಾದ್ದರಿಂದಲೂ, ಯೆಹೂದ್ಯರೂ ಆದಿಕ್ರೈಸ್ತರೂ ಓದುವಾಗ ಒಡೆಯನೆಂಬರ್ಥದ ಪದವನ್ನೇ ಬಳಸಿದ್ದರಿಂದಲೂ, ಬಿರುದನ್ನಿಡುವುದೇ ಸರಿಯೆಂಬ ವಾದ ಹಗುರವಾದದ್ದಲ್ಲ. 2008ರಲ್ಲಿ ರೋಮಿನಿಂದ ಹೊರಟ ಆಜ್ಞೆಯೂ ಆರಾಧನೆಯಲ್ಲಿ ನಾಲ್ಕಕ್ಷರದ ಹೆಸರನ್ನು ಉಚ್ಚರಿಸಬಾರದೆಂದು ವಿಧಿಸಿತು.

ಆದರೂ ಸರ್ವೇಶ್ವರ ಎಂಬ ಆಯ್ಕೆಯನ್ನು ನಾನು ಪೂರ್ಣವಾಗಿ ಒಪ್ಪಲಾರೆ. ಗಿರಿನಗರದಂಥ ಬಡಾವಣೆಯಲ್ಲಿ ಸಂಜೆಯ ಹೊತ್ತು ನಾಲ್ಕು ಮನೆಗಳ ಮುಂದೆ ಹಾದುಹೋದರೆ ಒಂದರಿಂದಲಾದರೂ ವಿಷ್ಣುಸಹಸ್ರನಾಮದ ಪಾರಾಯಣ ಕೇಳಿಬರುತ್ತದೆ. ಆ ಸಾವಿರದಲ್ಲಿ ಸರ್ವೇಶ್ವರ ಎಂಬುದೂ ಒಂದು ನಾಮ. ಶೈವರಿಗೂ ಆ ಪದ ಪರಕೀಯವಲ್ಲ. ಪದ ಪೂಜ್ಯವಾದದ್ದು, ಕನ್ನಡಿಗನ ಹೃದಯಕ್ಕೆ ಹತ್ತಿರವಾದದ್ದು. ಆದರೆ ಗುಣದಿಂದ ಬಂದ ನಾಮವಾದ್ದರಿಂದ, ಎಲ್ಲಕ್ಕೂ ಒಡೆಯನೆಂದು ಯಾರು ಯಾರನ್ನು ನಂಬುವರೋ ಅವರಿಗೆಲ್ಲ ಅದು ಸಲ್ಲುತ್ತದೆ. ಕರ್ಮೇಲ್ ಬೆಟ್ಟದಲ್ಲಿ ಎಲೀಯನು ಜನರ ಮುಂದೆ ಇಟ್ಟ ಪ್ರಶ್ನೆಯು ಬಾಳನು ದೇವರೋ ಆ ಹೆಸರಿನವನು ದೇವರೋ ಎಂಬುದಾಗಿತ್ತು. ಬಾಳನೋ ಸರ್ವೇಶ್ವರನೋ ಎಂದು ಕೇಳಿದರೆ ಉತ್ತರವು ಪ್ರಶ್ನೆಯಲ್ಲಿಯೇ ಅಡಗಿಹೋಗುತ್ತದೆ, ಏಕೆಂದರೆ ಸರ್ವಕ್ಕೂ ಈಶ್ವರನಾದವನು ದೇವರೇ ಅಲ್ಲವೆ? ಎರಡು ಹೆಸರುಗಳು ಎದುರುಬದುರಾಗಿ ನಿಂತಾಗ ಮಾತ್ರ ಆ ಪ್ರಸಂಗದ ಬಿಗುವು ಉಳಿಯುತ್ತದೆ. ವಚನಗಳನ್ನು ಓದಿದವರಿಗೆ ಈ ಮಾತು ಬೇಗ ಮನಸ್ಸಿಗೆ ಹತ್ತುತ್ತದೆ: ಶಿವನಿಗೆ ನೂರು ನಾಮಗಳಿದ್ದರೂ ಬಸವಣ್ಣನವರಿಗೆ ಕೂಡಲಸಂಗಮದೇವನೇ ಬೇಕು, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನನೇ ಬೇಕು, ಆ ಅಂಕಿತಗಳನ್ನು ತೆಗೆದು ಎಲ್ಲೆಡೆಯೂ ಪರಮೇಶ್ವರನೆಂದು ಅಚ್ಚುಮಾಡಿದರೆ ತತ್ತ್ವಕ್ಕೆ ಹಾನಿಯಾಗದಿರಬಹುದು, ವಚನವಂತೂ ಉಳಿಯುವುದಿಲ್ಲ.

ಇದೇ ಆವೃತ್ತಿಯು ದೇವರಿಗೆ ಗೌರವಬಹುವಚನದ ಕ್ರಿಯಾಪದವನ್ನು ಕೊಟ್ಟಿದೆ. 'ಮಾಡಿದನು' ಎಂದಿದ್ದುದು 'ಮಾಡಿದರು' ಎಂದಾಗಿದೆ. ಪ್ರಭುವಿನ ಪ್ರಾರ್ಥನೆಯಲ್ಲಿಯೂ ಕ್ಯಾಥೊಲಿಕರು 'ನಿಮ್ಮ' ಎನ್ನುತ್ತಾರೆ, ಪ್ರಾಟೆಸ್ಟಂಟರು 'ನಿನ್ನ' ಎನ್ನುತ್ತಾರೆ. ತಂದೆಯನ್ನು ನೀವು ಎನ್ನುವ ಮನೆಗಳಲ್ಲಿ ಬೆಳೆದವರಿಗೆ ಪರಲೋಕದ ತಂದೆಯನ್ನು ನೀನೆಂದು ಕರೆಯುವುದು ಒರಟೆನಿಸಬಹುದು. ಆ ವಿನಯವನ್ನು ಗೌರವಿಸುತ್ತೇನೆ. ಆದರೂ ಪುರಂದರದಾಸರಾಗಲಿ ಅಲ್ಲಮಪ್ರಭುವಾಗಲಿ ದೇವರನ್ನು ಕರೆದದ್ದು ನೀನೆಂದೇ. ನಮ್ಮ ಭಕ್ತಿಸಾಹಿತ್ಯದಲ್ಲಿ ಏಕವಚನವು ಸಲಿಗೆಯ, ಶರಣಾಗತಿಯ ವಚನ; ಹೀಬ್ರೂ ಕೀರ್ತನೆಗಳ ಕವಿಯು ಅಳುವಾಗಲೂ ಜಗಳವಾಡುವಾಗಲೂ ಬಳಸುವುದು ಅದನ್ನೇ. ಮೋಗ್ಲಿಂಗನು ದಾಸರ ಪದಗಳನ್ನು ಸಂಗ್ರಹಿಸುತ್ತ ಈ ಕಿವಿಯನ್ನು ಗಳಿಸಿಕೊಂಡಿದ್ದನೆಂದು ಊಹಿಸುವುದು ಅತಿಯಾಗಲಾರದು.

ವಿಮೋಚನಕಾಂಡದ ಮೂರನೆಯ ಅಧ್ಯಾಯವನ್ನು ಬಿಟ್ಟು ಈ ಚರ್ಚೆ ಪೂರ್ಣವಾಗದು. ಉರಿಯುವ ಪೊದೆಯ ಮುಂದೆ ನಿಂತ ಮೋಶೆಯು ನಿನ್ನ ಹೆಸರೇನೆಂದು ಕೇಳಿದಾಗ ದೊರೆಯುವ ಉತ್ತರವು 'ಹಾಯಾ' ಎಂಬ ಹೀಬ್ರೂ ಧಾತುವಿನ ಮೇಲೆ ನಿಂತಿದೆ. ನಾಲ್ಕಕ್ಷರದ ಹೆಸರಿಗೂ ಅದೇ ಧಾತುವಿನ ನಂಟನ್ನು ಆ ಪ್ರಸಂಗ ಸೂಚಿಸುತ್ತದೆ. ಆ ಧಾತುವಿನಲ್ಲಿ ಇರುವುದು ಮತ್ತು ಆಗುವುದು ಎಂಬ ಎರಡು ಅರ್ಥಗಳೂ ಬೆರೆತಿವೆ. ಕನ್ನಡದಲ್ಲಿ 'ಇರು' ಬೇರೆ, 'ಆಗು' ಬೇರೆ. ಸತ್ಯವೇದದವರು ಇರುವಿಕೆಯನ್ನು ಹಿಡಿದು 'ಇರುವಾತನು' ಎಂಬ ಪದವನ್ನು ರಚಿಸಿದರು; ವೇದಾಂತದ 'ಸತ್' ಎಂಬುದನ್ನು ಬಲ್ಲ ದೇಶದಲ್ಲಿ ಆ ಪದವು ಗಂಭೀರವಾಗಿ ಧ್ವನಿಸುತ್ತದೆ. ಆದರೆ ನಾನು ನಿಮ್ಮ ಪಾಲಿಗೆ ಏನಾಗಬೇಕೋ ಅದಾಗುವೆನು ಎಂಬ, ಚರಿತ್ರೆಯಲ್ಲಿ ಮುಂದೆ ನಡೆದುಬರುವ ದೇವರ ವಾಗ್ದಾನವು ಅದರಲ್ಲಿ ಮರೆಯಾಯಿತು. ಇಲ್ಲಿ ಯಾವ ಭಾಷಾಂತರಕಾರನನ್ನೂ ದೂರುವಂತಿಲ್ಲ. ಅಡಿಟಿಪ್ಪಣಿಯೊಂದು ಮಾಡಬಹುದಾದ ಕೆಲಸವನ್ನು ಅಡಿಟಿಪ್ಪಣಿಗೇ ಬಿಡಬೇಕು.

ಹೆಸರಿನ ಪಕ್ಷವನ್ನು ಅತ್ಯಂತ ಹುರುಪಿನಿಂದ ಹಿಡಿದವರು ಯೆಹೋವನ ಸಾಕ್ಷಿಗಳು. 1931ರಲ್ಲಿ ಆ ಹೆಸರನ್ನೇ ತಮ್ಮ ಪಂಥಕ್ಕೆ ಇಟ್ಟುಕೊಂಡವರು. ಅವರ 'ಹೊಸ ಲೋಕ ಭಾಷಾಂತರ' ಕನ್ನಡದಲ್ಲಿಯೂ ಇದೆ. ಹಳೆಯ ಒಡಂಬಡಿಕೆಯಲ್ಲಿ ಹೆಸರನ್ನು ಎಲ್ಲೆಡೆಯೂ ಉಳಿಸಿರುವುದು ಅವರ ಗುಣ. ಆದರೆ ಅವರು ಹೊಸ ಒಡಂಬಡಿಕೆಯಲ್ಲಿಯೂ, ಇಂಗ್ಲಿಷ್ ಆವೃತ್ತಿಯ ಲೆಕ್ಕದಂತೆ 237 ಸ್ಥಳಗಳಲ್ಲಿ, 'ಕೂರಿಯೊಸ್' ಮುಂತಾದ ಗ್ರೀಕ್ ಪದಗಳ ಬದಲಿಗೆ ಯೆಹೋವನೆಂದು ಸೇರಿಸಿದ್ದಾರೆ. ಮೂಲದಲ್ಲಿ ಹೆಸರಿದ್ದಿರಬಹುದೆಂದು 1977ರಲ್ಲಿ ಜಾರ್ಜ್ ಹೊವರ್ಡ್ ಎಂಬ ವಿದ್ವಾಂಸರು, ಆ ಪಂಥದವರಲ್ಲದಿದ್ದರೂ, ಒಂದು ಊಹೆಯನ್ನು ಮಂಡಿಸಿದ್ದುಂಟು. ಆದರೆ ಉಳಿದಿರುವ ಹೊಸ ಒಡಂಬಡಿಕೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಒಂದರಲ್ಲಿಯೂ ಆ ನಾಲ್ಕಕ್ಷರಗಳಿಲ್ಲ. ಹಸ್ತಪ್ರತಿಯಲ್ಲಿಲ್ಲದ್ದನ್ನು ಊಹೆಯ ಬಲದಿಂದ ಪಾಠದೊಳಕ್ಕೆ ತರುವುದು ಭಾಷಾಂತರದ ಮೇರೆಯನ್ನು ದಾಟುತ್ತದೆ. ಪಂಪನ ಕಾವ್ಯದಲ್ಲಾಗಲಿ ಪೌಲನ ಪತ್ರಿಕೆಯಲ್ಲಾಗಲಿ ಈ ವಿಷಯಕ್ಕೆ ಗ್ರಂಥಸಂಪಾದನೆಯ ನ್ಯಾಯ ಒಂದೇ.

ಇದರಿಂದ ಅರ್ಥಕ್ಕೂ ವ್ಯತ್ಯಾಸವಾಗುತ್ತದೆ. ಆತನ ನಾಮವನ್ನು ಹೇಳಿಕೊಳ್ಳುವವರಿಗೆಲ್ಲ ರಕ್ಷಣೆಯಾಗುವುದೆಂಬ ಯೋವೇಲ ಪ್ರವಾದಿಯ ಮಾತನ್ನು ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಹತ್ತನೆಯ ಅಧ್ಯಾಯದಲ್ಲಿ ಎತ್ತಿಕೊಳ್ಳುತ್ತಾನೆ. ಯೋವೇಲನಲ್ಲಿರುವುದು ನಾಲ್ಕಕ್ಷರದ ಹೆಸರು, ಪೌಲನಲ್ಲಿರುವುದು 'ಕೂರಿಯೊಸ್'. ಕೆಲವೇ ವಾಕ್ಯಗಳ ಹಿಂದೆ ಅವನು ಅದೇ ಪದವನ್ನು ಯೇಸುವಿಗೆ ಹೇಳಿದ್ದಾನೆ. ಒಂದು ಪದದ ಈ ಎರಡು ಮುಖಗಳ ಮೇಲೆಯೇ ಅವನ ವಾದ ಸಾಗುತ್ತದೆ. ಅಲ್ಲಿ ಯೆಹೋವನೆಂದು ಬರೆದುಬಿಟ್ಟರೆ ಆ ವಾದದ ಕೊಂಡಿಯೇ ಕಳಚುತ್ತದೆ. ಸತ್ಯವೇದವು ಹಳೆಯದರಲ್ಲಿ ಯೆಹೋವ, ಹೊಸದರಲ್ಲಿ ಕರ್ತ ಎಂದಿಟ್ಟು ಎರಡು ಮೂಲಗಳಿಗೂ ನಿಷ್ಠವಾಗಿ ನಡೆದಿದೆ. ಕನ್ನಡ ಓದುಗನಿಗೆ ಯೋವೇಲನ ಯೆಹೋವನೂ ಪೌಲನ ಕರ್ತನೂ ಒಂದೇ ಮಾತಿನ ಎರಡು ಅವಸ್ಥೆಗಳೆಂಬುದು ತಾನಾಗಿ ಹೊಳೆಯುವುದಿಲ್ಲವೆಂಬುದು ನಿಜ, ಅದಕ್ಕೂ ಟಿಪ್ಪಣಿ ಬೇಕು. ಕರ್ತನೆಂಬ ಪದವು ವ್ಯಾಕರಣವನ್ನು ಮಾತ್ರ ಓದಿದವರಿಗೆ ವಿಚಿತ್ರವಾಗಿ ತೋರಬಹುದಾದರೂ, ಕರ್ತ-ಭೃತ್ಯ ಎಂಬ ಜೋಡಿಯನ್ನು ವೀರಶೈವ ಸಾಹಿತ್ಯದಲ್ಲಿ ಕಂಡವರಿಗೆ ಒಡೆಯನೆಂಬ ಅರ್ಥ ಅದರಲ್ಲಿ ಮೊದಲಿನಿಂದಲೂ ಇದ್ದುದು ತಿಳಿದಿದೆ.

ಯಥಾರ್ಥತೆಯ ಇತರ ಪ್ರಶ್ನೆಗಳು, ಯಾವ ಹಸ್ತಪ್ರತಿಯನ್ನು ಆಧಾರವಾಗಿ ಹಿಡಿಯಬೇಕು, ಮಾರ್ಕನ ಸುವಾರ್ತೆಯ ಕೊನೆಯ ಹನ್ನೆರಡು ವಚನಗಳು ಮೂಲದವೋ ತರುವಾಯ ಸೇರಿದವೋ ಎಂಬಂಥವು, ಈ ಲೇಖನದ ವ್ಯಾಪ್ತಿಗೆ ಮೀರಿದವು. ಇಷ್ಟನ್ನು ಹೇಳಿದರೆ ಸಾಕು: ಹತ್ತೊಂಬತ್ತನೆಯ ಶತಮಾನದಲ್ಲಿ ಸೀನಾಯ್ ಬೆಟ್ಟದ ಮಠದಿಂದ ಬೆಳಕಿಗೆ ಬಂದ ಹಸ್ತಪ್ರತಿಯೇ ಮೊದಲಾದ ಸಾಮಗ್ರಿಗಳು ಹ್ಯಾಂಡ್ಸನ ಕೈಯಲ್ಲಿರಲಿಲ್ಲ; ಆದಕಾರಣ ಅವನ ಪಾಠವನ್ನು ಇಂದಿನ ಅಳತೆಗೋಲಿನಿಂದ ಅಳೆಯುವುದು ಅನ್ಯಾಯ.

ಯೆಹೋವ ಎಂಬ ರೂಪದ ತಪ್ಪನ್ನು ಏನು ಮಾಡುವುದೆಂದು ಕೇಳಬಹುದು. ಯೇಸು ಎಂಬುದೂ ಹೀಬ್ರೂ ಉಚ್ಚಾರಣೆಯಲ್ಲ, ಮೋಶೆಯೂ ಅಲ್ಲ. ಹೆಸರುಗಳು ಭಾಷೆಯಿಂದ ಭಾಷೆಗೆ ಬರುವಾಗ ರೂಪ ಬದಲಿಸುವುದು ಸಹಜ. ತಲೆಮಾರುಗಳಿಂದ ಕನ್ನಡ ವಿಭಕ್ತಿಗಳನ್ನು ಧರಿಸಿ ಕೀರ್ತನೆಗಳಲ್ಲಿಯೂ ಪ್ರಾರ್ಥನೆಗಳಲ್ಲಿಯೂ ಬಳಕೆಯಾದ ಹೆಸರನ್ನು ತೆಗೆದು ಯಾಹ್ವೆ ಎಂಬ ಅರ್ಧನಿಶ್ಚಿತ ರೂಪವನ್ನಿಡುವುದರಿಂದ ಪಾಂಡಿತ್ಯಕ್ಕೆ ಸಮಾಧಾನವಾಗಬಹುದೇ ಹೊರತು ಓದುಗನಿಗೆ ಹೆಚ್ಚಿನದೇನೂ ದೊರೆಯದು. ಹೆಸರು ಹೆಸರಾಗಿಯೇ ಕಾಣಬೇಕೆಂಬುದು ಮುಖ್ಯ. ಆರಾಧನೆಯಲ್ಲಿ ಉಚ್ಚರಿಸಲು ಸಂಕೋಚಪಡುವವರು ಯೆಹೂದ್ಯರಂತೆ ಕಣ್ಣಿನಿಂದ ಹೆಸರನ್ನು ಕಂಡು ಬಾಯಿಂದ ಸ್ವಾಮಿ ಎಂದು ಓದಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಕಾಗದದ ಮೇಲಿನಿಂದಲೇ ಅಳಿಸಿದ ಮೇಲೆ ಆ ಆಯ್ಕೆಯೂ ಉಳಿಯುವುದಿಲ್ಲ.

ಬೈಬಲ್ ಸೊಸೈಟಿಯ ಕಚೇರಿ ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿದೆ. ಹೀಬ್ರೂ ಗ್ರೀಕ್ ಭಾಷೆಗಳನ್ನು ಬಲ್ಲವರು 1910ರಲ್ಲಿ ಸ್ಥಾಪಿತವಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿದ್ದಾರೆ. ಹಳಗನ್ನಡ ನಡುಗನ್ನಡಗಳ ವಿದ್ವಾಂಸರು ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿನ ಸುತ್ತಮುತ್ತ ದೊರೆಯುತ್ತಾರೆ. ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ, 1949ರ ಕಲಬುರ್ಗಿ ಸಮ್ಮೇಳನದ ಅಧ್ಯಕ್ಷತೆ ವಹಿಸಿದ ಪಾದ್ರಿ ಉತ್ತಂಗಿ ಚನ್ನಪ್ಪನವರಲ್ಲಿ ಈ ಎರಡು ವಿದ್ಯೆಗಳೂ ಒಂದೇ ದೇಹದಲ್ಲಿ ಕೂಡಿದ್ದವು. ಅಂಥವರು ಅಪರೂಪವಾದ ಈ ಕಾಲದಲ್ಲಿ, ಮುಂದಿನ ಪರಿಷ್ಕರಣಕ್ಕೆ ಈ ಎರಡು ಬಳಗದವರನ್ನೂ ಒಂದೇ ಮೇಜಿನ ಸುತ್ತ ಕೂರಿಸಬೇಕು. ನಾಲ್ಕಕ್ಷರಗಳ ವೃತ್ತಾಂತವನ್ನು ತಿಳಿಗನ್ನಡದಲ್ಲಿ ಹೇಳುವ ಒಂದು ಪೀಠಿಕೆಯನ್ನೂ, ವಿಮೋಚನಕಾಂಡದ ಮೂರನೆಯ ಅಧ್ಯಾಯಕ್ಕೂ ರೋಮಾಪುರದ ಪತ್ರಿಕೆಯ ಹತ್ತನೆಯ ಅಧ್ಯಾಯಕ್ಕೂ ಅಡಿಟಿಪ್ಪಣಿಗಳನ್ನೂ ಬರೆಯಿಸಬೇಕು. ಮತ್ತು ಬಳ್ಳಾರಿ ಮಂಗಳೂರುಗಳ ಮಿಷನ್ ದಫ್ತರಗಳಲ್ಲಿ ಹುಡುಕಿಸಿ, ದೊರೆತಷ್ಟು ಮುನ್ಷಿಗಳ ಹೆಸರನ್ನಾದರೂ ಆ ಪೀಠಿಕೆಯಲ್ಲಿ ಅಚ್ಚು ಹಾಕಿಸಬೇಕು.